ಎಮ್ಮೆಗೆ ಕೇಳಿಸಿದ ‘ಮಾರ್ತೀನಿ’

ಸದಲಗಾದ ನಮ್ಮ ಮನೆಗೆ ದೂಧಗಂಗೆಯ ಆಚೆಯ ಒಂದು ಮರಾಠಿ ಮನೆಯಿಂದ ಎಮ್ಮೆ ಬಂದದ್ದು ಆಯಿಯ ಹಟದಿಂದ. ಆಯಿ ಎಂದರೆ ನನ್ನ ಅಜ್ಜಿ. ಅವಳ ತವರೂ ಆ ಕಡೆಯೇ. ಟೆಂಪೊದಿಂದ ಇಳಿದ ಎಮ್ಮೆಯ ಕೊರಳು ತಬ್ಬಿಕೊಂಡು, ತವರಿನಿಂದ ತಂಗಿ ಬಂದಂತೆ ಮಾತಾಡಿಸಿದಳು. ಆದರೆ ಹಾಲು ಹಿಂಡುವುದು ನನ್ನ ಅಜ್ಜನ, ಅಂದರೆ ಮುತ್ಯಾನ ಕೆಲಸ. ಅವನು ಹೋಗಿ ಕುಳಿತರೆ ಸಾಕು, ಎಮ್ಮೆ ನಡುಗುತ್ತಿತ್ತು.

ಹದಿನೈದು ದಿನಕ್ಕೆ ಕೆಚ್ಚಲಿನ ಒಂದು ಕಡೆ ಬಾತು ಕಲ್ಲಾಯಿತು. ದನದ ಡಾಕ್ಟರು ಬಂದು ಸೂಜಿ ಮಾಡಿದರು, ರಕ್ತ ತೆಗೆದುಕೊಂಡು ಹೋದರು. ನಾಲ್ಕು ದಿನ ಸೂಜಿ ಆದರೂ ಬಾವು ಇಳಿಯಲಿಲ್ಲ. ಐದನೆಯ ದಿನ ವರದಿ ಹಿಡಿದು ಬಂದರು.

“ರಕ್ತದಾಗ ಬಿಳಿ ಕಣ ಬೇಕಾದಷ್ಟು ಅದಾವ್ರಿ. ಹೆಚ್ಚೇ ಅದಾವ.”

“ಹಂಗಾರ ದುಡೀವಲ್ಲವು ಯಾಕ?” ಎಂದ ಮುತ್ಯಾ.

“ಎಮ್ಮಿ ಯಾವುದಕ್ಕೋ ಅಂಜಾಕತ್ತೈತ್ರಿ. ಅಂಜಿದಾಗ ಮೈಯಾಗ ಕಾರ್ಟಿಸಾಲ್ ಅಂತ ಹಾರ್ಮೋನ್ ಬರ್ತೈತಿ. ಒಮ್ಮೆ ಬಂದು ಹೋದ್ರ ತೊಂದ್ರಿ ಇಲ್ಲ. ದಿನಾ ಬಂದ್ರ, ಬಿಳಿ ಕಣ ರಕ್ತದಾಗ ಸುಮ್ಮನ ತಿರುಗ್ತಾವ, ರಕ್ತ ಬಿಟ್ಟು ಬಾವು ಇದ್ದಲ್ಲಿ ಇಳಿಯಂಗಿಲ್ಲ.”

ಮುತ್ಯಾ ಸ್ವಲ್ಪ ಯೋಚಿಸಿದ. “ಅಂದ್ರ ಬಸ್ ತುಂಬ ಮಂದಿ ಅದಾರ. ಚಿಕ್ಕೋಡಿ ಸ್ಟ್ಯಾಂಡ್ ಬಂದ್ರೂ ಯಾರೂ ಇಳೀವಲ್ರು.”

“ಬರೋಬರಿ ಹೇಳಿದ್ರಿ. ಇನ್ನೊಂದು ವಾರದಾಗ ಬಾವು ಇಳೀಲಿಲ್ಲಂದ್ರ ಆ ಮೊಲಿ ಬತ್ತಿ ಹೋಗ್ತೈತಿ. ಏನಕ್ಕ ಅಂಜತೈತಿ ಅನ್ನೂದು ನೀವೇ ಹುಡುಕ್ರಿ.”

ಡಾಕ್ಟರು ಹೋದ ಮೇಲೆ ಮುತ್ಯಾ ತೀರ್ಪು ಕೊಟ್ಟ: “ಒಂದು ವಾರ ನೋಡೂದು. ಬತ್ತಿತು ಅಂದ್ರ ಸಂತಿಗೆ.”

ಆಯಿ ಅಂದು ಊಟಕ್ಕೆ ಕೂರಲಿಲ್ಲ.

ಹುಡುಕಾಟ ಶುರುವಾಯಿತು. ನಾಯಿಯನ್ನು ಹಿತ್ತಲಿಗೆ ಕಟ್ಟಿದೆವು. ನನ್ನ ಬೈಕು ಓಣಿಯ ತುದಿಯಿಂದ ತಳ್ಳಿಕೊಂಡು ಬರಬೇಕಾಯಿತು. ಮುತ್ಯಾನ ಕೆಂಪು ರುಮಾಲಿನ ಮೇಲೂ ಅನುಮಾನ ಬಿದ್ದು, ಅವನು ಎರಡು ದಿನ ಬರಿದಲೆಯಲ್ಲಿ ಹಾಲು ಹಿಂಡಿದ. ಏನೂ ಬದಲಾಗಲಿಲ್ಲ. ಕೊನೆಗೆ ಆಯಿಯೇ ಹಿಂಡುವ ಹೊತ್ತಿಗೆ ಕೊಟ್ಟಿಗೆಯ ಹೊಸ್ತಿಲ ಮೇಲೆ ಕಾವಲು ಕುಳಿತಳು.

ಮುತ್ಯಾ ದಿನದಂತೆ ಎಮ್ಮೆಯ ಬೆನ್ನು ತಟ್ಟಿ ಗೊಣಗಿದ. “ಹಾಲು ಬಿಡು. ಇಲ್ಲಂದ್ರ ಮಾರ್ತೀನಿ ನೋಡು, ಮಾರ್ತೀನಿ.”

ಎಮ್ಮೆ ಗೋಡೆಗೆ ಒತ್ತಿ ನಿಂತಿತು.

“ರೀ, ಏನಂದ್ರಿ?”

“ಮಾರ್ತೀನಿ ಅಂದೆ. ದಿನಾ ಅಂತೀನಿ.”

“ಅದು ಮರಾಠಿ ಮನ್ಯಾಗ ಬೆಳದ ಎಮ್ಮಿ. ಮರಾಠಿಯೊಳಗ ಮಾರೂದು ಅಂದ್ರ ಹೊಡಿಯೂದು. ನೀವು ದಿನಾ ಎರಡು ಹೊತ್ತು ‘ಹೊಡಿತೀನಿ, ಹೊಡಿತೀನಿ’ ಅನ್ನಾಕತ್ತೀರಿ.”

ಮುತ್ಯಾನ ಕೈ ಅಲ್ಲೇ ನಿಂತಿತು. ಜೀವಮಾನವಿಡೀ ಸಂತೆಯಲ್ಲಿ ಎರಡೂ ಭಾಷೆ ಆಡಿದವನು ಅವನು. “ಎಮ್ಮಿಗೂ ಭಾಷಾ ಇರತೈತೇನು?”

“ನಿಮಗೇ ಐತಿ, ಅದಕ್ಕ್ಯಾಕ ಇರಬಾರ್ದು?”

ಮರುದಿನದಿಂದ ಮುತ್ಯಾ ಕೊಟ್ಟಿಗೆಗೆ ಕಾಲಿಡುವ ಮೊದಲು ಕೆಮ್ಮಿ, “ಸರಕ್ ಗ ಬಾಯಿ, ಸರಕ್” ಎಂದು ಜರುಗಲು ಕೇಳಿಕೊಳ್ಳತೊಡಗಿದ. ದನಿ ಬಿರುಸಾದರೆ ಆಯಿ ಹೊಸ್ತಿಲಿಂದಲೇ ತಿದ್ದುತ್ತಿದ್ದಳು. ಸೂಜಿಯೂ ನಡೆದೇ ಇತ್ತು. ವಾರ ತುಂಬುವ ಹೊತ್ತಿಗೆ ಕೆಚ್ಚಲು ಮೆತ್ತಗಾಯಿತು, ಆ ಮೊಲೆಯಿಂದಲೂ ಹಾಲು ಇಳಿಯಿತು.

“ಔಷಧಾನೂ ಕೆಲಸ ಮಾಡೈತ್ರಿ, ಮರೀಬ್ಯಾಡ್ರಿ,” ಎಂದರು ಡಾಕ್ಟರು.

“ಮಾಡಿರಬೇಕು. ಆದ್ರ ಸ್ಟ್ಯಾಂಡ್ ಬಂತು ಅಂತ ಅವರ ಭಾಷಾದಾಗ ಹೇಳಿದ್ಮ್ಯಾಲೇ ಮಂದಿ ಇಳದದ್ದು.”

ಔಷಧದ ಹಾಲಾದ್ದರಿಂದ ಚೆಲ್ಲುವುದೇ ಇತ್ತು; ಆದರೂ ತುಂಬಿದ ಬಕೆಟ್ ನೋಡಿ ಮುತ್ಯಾ ಕರಗಿಹೋದ. ಎಮ್ಮೆಯ ಬೆನ್ನು ಸವರುತ್ತ ಹೇಳಿದ: “ಇಲ್ಲೇ ಇರು. ನಿನ್ನ ಎಂದೂ ಮಾರಂಗಿಲ್ಲ.”

‘ಮಾರ’ ಎಂಬಷ್ಟು ಕೇಳಿದ್ದೇ ಎಮ್ಮೆ ಕಾಲೆತ್ತಿ ಒದ್ದಿತು. ಬಕೆಟ್ ಉರುಳಿ ಹಾಲೆಲ್ಲ ಮುತ್ಯಾನ ಧೋತರದ ಮೇಲಾಯಿತು.

“ಅದನ್ನೂ ಮರಾಠಿಯೊಳಗ ಹೇಳ್ರಿ,” ಎಂದಳು ಆಯಿ.

ಮುತ್ಯಾ ಧೋತರ ಹಿಂಡುತ್ತ, ತಗ್ಗಿದ ದನಿಯಲ್ಲಿ ಅದೇ ಮಾತನ್ನು ಹೇಳಿದ: “ವಿಕಣಾರ ನಾಹಿ ಗ ಬಾಯಿ.”

ಎಮ್ಮೆ ಕಾಲು ಕೆಳಗಿಟ್ಟು ಮೆಲುಕು ಹಾಕತೊಡಗಿತು. ಆಯಿ ಜೋಳದ ಭಕ್ರಿ ಬಡಿಯಲು ಒಳಗೆ ಹೋದಳು.