ಕೌದಿಯ ಹೊಟ್ಟೆ

ಇವತ್ತು ಬೆಳಿಗ್ಗೆ ಉಪ್ಪಿಟ್ಟಿಗೆಂದು ರವೆ ಡಬ್ಬಿ ತೆರೆದರೆ ಅದರ ಅಂಚಿನ ಮೇಲೆ ಒಂದು ನುಸಿ ವಾಕಿಂಗ್ ಹೊರಟಿತ್ತು. ಸಾಸಿವೆಗಿಂತ ಚಿಕ್ಕದು, ಕಪ್ಪಗೆ, ಯಾವ ಅವಸರವೂ ಇಲ್ಲದ ಪ್ರಾಣಿ. ಕೊಚ್ಚಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಇದು ಹೊಸದೇನಲ್ಲ. ಬೇರೆಯವರಾದರೆ ರವೆಗೆ ಜರಡಿ ಹಿಡಿದು ಒಗ್ಗರಣೆ ಇಡುತ್ತಾರೆ. ನನಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ, ಹಾಲಿನಲ್ಲಿ ಪೇಪರ್ ಓದುತ್ತಿದ್ದ ನಮ್ಮವರನ್ನು ದುರುಗುಟ್ಟಿ ನೋಡಿದೆ. ಅವರು ಪೇಪರನ್ನು ಇನ್ನೊಂದಿಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡರು. ಇಪ್ಪತ್ತು ವರ್ಷದಿಂದ ರೂಢಿಯಾದ ಕೆಲಸ ಅದು.

ನುಸಿಗೂ ಗಂಡನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಆದರೆ ಅದಕ್ಕೆ ಮೊದಲು ಕೌದಿಯ ವಿಷಯ ಹೇಳಬೇಕು. ಕೌದಿ ಎಂದರೆ 'ಕ್ವಿಲ್ಟ್ ಅಲ್ವಾ' ಎಂದು ಅರ್ಧಕ್ಕೇ ಬಾಯಿ ಹಾಕುವವರ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಇಲ್ಲೇ ತೀರಿಸಿಕೊಳ್ಳುತ್ತೇನೆ.

ಆಗ ನಾನು ಪಾಲಾರಿವಟ್ಟಂನ ಒಂದು ಬ್ಯಾಂಕಿನಲ್ಲಿ ಆಫೀಸರ್. ಮನೆ ಈಗಿನದೇ, ಕಲೂರಿನ ಫ್ಲ್ಯಾಟು. ಹೊಲಿಗೆ ನನ್ನ ಹುಚ್ಚು. ಎಂಥ ಹುಚ್ಚೆಂದರೆ, ಮನೆಯಲ್ಲಿ ಬತ್ತಲೆ ಇರುವ ವಸ್ತು ಕಂಡರೆ ನನಗೆ ಸಮಾಧಾನವಿಲ್ಲ. ಮಿಕ್ಸಿಗೆ ಅಂಗಿ, ಫೋನಿಗೆ ಕುಲಾವಿ, ಫ್ರಿಜ್ಜಿನ ಹಿಡಿಕೆಗೆ ಕೈಗವಸು. ಒಮ್ಮೆ ಗ್ಯಾಸ್ ಸಿಲಿಂಡರಿಗೂ ಝಾಲರಿನ ಲಂಗ ಹೊಲಿದಿದ್ದೆ. ಸಿಲಿಂಡರ್ ತಂದವನು ನಾಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟ. ಇದನ್ನೆಲ್ಲ ನೋಡಿ ನೀವು ನಗಬಹುದು, ನಾನೂ ನಗುತ್ತೇನೆ. ಆದರೆ ಊಟದ ಬಿಡುವಿನಲ್ಲಿ ಸೂಜಿ ಹಿಡಿದು ಕೂತಾಗ ನಮ್ಮ ಮ್ಯಾನೇಜರು ಬಂದು, "ಮೇಡಂ ನಲ್ಲ ಟೈಂಪಾಸ್ ಆಣಲ್ಲೋ" ಎನ್ನುತ್ತಿದ್ದರಲ್ಲ, ಒಳ್ಳೇ ಟೈಂಪಾಸು ಎಂದು, ಅದಕ್ಕೆ ಮಾತ್ರ ನಗು ಬರುತ್ತಿರಲಿಲ್ಲ. ಅವರು ಅದೇ ಬಿಡುವಿನಲ್ಲಿ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದರು. ಅದಕ್ಕೆ ಯಾರೂ ಟೈಂಪಾಸ್ ಎನ್ನಲಿಲ್ಲ.

ನಮ್ಮವರದು ಕೇಂದ್ರ ಸರಕಾರದ ಕಚೇರಿ. ಆ ವರ್ಷ ತಿರುವನಂತಪುರಕ್ಕೆ ವರ್ಗವಾಯಿತು. ಎಂಟು ವರ್ಷದ ಮಗಳು ಮೇಘಾಳನ್ನು ನೋಡಿಕೊಳ್ಳಲು ಗದಗಿನಿಂದ ಅವ್ವ ಬಂದಳು. ಒಂದು ಟ್ರಂಕು, ಅದರ ತುಂಬ ಅವಳ ಹಳೆಯ ಇಳಕಲ್ ಸೀರೆಗಳು. ಬಂದ ಮರುದಿನವೇ ಹಾಲಿನ ನೆಲದ ಮೇಲೆ ಕಾಲು ಚಾಚಿ ಕೂತು, ಸೀರೆಗಳನ್ನು ಪದರ ಪದರ ಹಾಸಿ, ಅಂಚಿನಿಂದ ಹೊಲಿಯಲು ಶುರುಮಾಡಿದಳು. ಕೌದಿಯನ್ನು ಹೊಲಿಯುವುದು ಹಾಗೆಯೇ. ಅಂಚಿನಿಂದ ಸುತ್ತು ಸುತ್ತುತ್ತ ನಡುವಿಗೆ ಬರಬೇಕು. ಕೊನೆಗೆ ನಟ್ಟನಡುವೆ ಅಂಗೈಯಗಲದ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಹಿಡಿ ಜೋಳ ಹಾಕಿ, ಮೇಲೊಂದು ತೇಪೆ ಇಟ್ಟು ಮುಚ್ಚಬೇಕು. ಕ್ವಿಲ್ಟಿಗೆ ಹೊಟ್ಟೆ ಇರುತ್ತದೆಯೇ? ಇದ್ದರೆ ಹೇಳಿ.

"ಹೊಟ್ಟಿ ಖಾಲಿ ಇದ್ದ ಕೌದಿ ಹೊತ್ಗೊಂಡ್ರ ನಿದ್ದಿ ಹತ್ತಂಗಿಲ್ಲ" ಎನ್ನುತ್ತಿದ್ದಳು ಅವ್ವ. "ಜಲ್ಮ ಪೂರಾ ನಮ್ಮನ್ನ ಬೆಚ್ಚಗ ಇಡೂದು ಅದು. ಅದಕ್ಕೂ ಒಂದು ತುತ್ತು ಬ್ಯಾಡೇನು?"

ಮೇಘಾಳಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಂದ ಬರುತ್ತಿದ್ದುದು ಮಲಯಾಳ. ಅವ್ವನಿಗೆ ಮಲಯಾಳ ದೇವರಾಣೆಗೂ ಬರುತ್ತಿರಲಿಲ್ಲ. ಆದರೂ ಇಬ್ಬರೂ ಸಂಜೆಯಿಡೀ ಮಾತಾಡುತ್ತಿದ್ದರು. ಅವ್ವ "ಸೂಜಿಗೆ ದಾರಾ ಹಾಕವ್ವಾ" ಎಂದರೆ ಇವಳು ಪೋಣಿಸಿ, "ಇತಾ" ಎಂದು ಚಾಚುತ್ತಿದ್ದಳು, ತಗೋ ಎನ್ನುವ ಹಾಗೆ. ಅದೊಂದು ಮಾತನ್ನು ಅವ್ವ ಕಲಿತಳು. ನನಗೆ ಚಹಾ ಕೊಟ್ಟರೂ "ಇತಾ", ತರಕಾರಿಯವನಿಗೆ ದುಡ್ಡು ಕೊಟ್ಟರೂ "ಇತಾ". ನಾಲ್ಕು ತಿಂಗಳಿಗೆ ಕೌದಿ ಮುಕ್ಕಾಲಾಯಿತು. ತಮ್ಮನ ಮಗನ ಜವಳಕ್ಕೆಂದು ಊರಿಗೆ ಹೊರಟವಳು ಸಣ್ಣದೊಂದು ಗಂಟು ನನ್ನ ಕೈಗಿಟ್ಟು, "ನಾ ಬರೂದು ತಡಾ ಆದ್ರ ನೀನಽ ಮುಗಸು. ಹೊಟ್ಟಿಗೆ ಇದನ್ನ ಹಾಕು" ಎಂದಳು. ನಮ್ಮ ಹೊಲದ ಜೋಳ. ಅವಳು ಮತ್ತೆ ಬರಲಿಲ್ಲ. ಜವಳ ಮುಗಿದ ವಾರಕ್ಕೆ, ಮಧ್ಯಾಹ್ನ ಮಲಗಿದವಳು ಏಳಲಿಲ್ಲವಂತೆ.

ಉಳಿದ ಕಾಲು ಭಾಗವನ್ನು ನಾನು ರೈಲಿನಲ್ಲಿ ಮುಗಿಸಿದೆ. ಪ್ರತಿ ಶನಿವಾರ ಮಗಳನ್ನು ಕರೆದುಕೊಂಡು ತಿರುವನಂತಪುರಕ್ಕೆ ಹೋಗುತ್ತಿದ್ದೆ. ನಾಲ್ಕೂವರೆ ಗಂಟೆ, ತೊಡೆಯ ಮೇಲೆ ಕೌದಿ. ಅವ್ವನ ಹೊಲಿಗೆ ಎಲ್ಲಿ ನಿಂತಿತೋ ಅಲ್ಲಿಂದಲೇ ನನ್ನದು ಶುರುವಾಗಿತ್ತು. ಅವಳದು ಅಕ್ಕಿಕಾಳಿನಷ್ಟು ಸಣ್ಣ, ನನ್ನದು ಕಡಲೆಯಷ್ಟು ದಪ್ಪ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತಿತ್ತು. ಜುಲೈ ತಿಂಗಳಲ್ಲಿ ನಡುವಿಗೆ ಬಂದೆ. ಹೊರಗೆ ಜಡಿಮಳೆ. ಗಂಟು ಬಿಚ್ಚಿ ಜೋಳ ಹಾಕಿ, ತೇಪೆ ಇಟ್ಟು ಹೊಟ್ಟೆ ಮುಚ್ಚಿದೆ. ಗದಗಿನ ಬಿಸಿಲಿನಲ್ಲಿ ಇಪ್ಪತ್ತು ವರ್ಷ ಅಲುಗದೆ ಕೂರುವ ಜೋಳ ಅದು. ಕೊಚ್ಚಿಯ ಜುಲೈನಲ್ಲಿ ಹುರಿಯದ ಜೋಳವನ್ನು ಬಟ್ಟೆಯೊಳಗಿಟ್ಟು ಹೊಲಿದರೆ ಏನಾಗುತ್ತದೆ ಎಂಬುದು ನಮ್ಮೂರಿನ ಹೆಂಗಸಿಗಲ್ಲದೆ ಬೇರೆ ಯಾರಿಗಾದರೂ ಹೊಳೆಯುತ್ತಿತ್ತು.

ಓಣಕ್ಕೆ ನಮ್ಮವರ ಕ್ವಾರ್ಟರ್ಸಿನಲ್ಲಿ ಹೆಂಗಸರ ಕೈಕೆಲಸದ ಸ್ಪರ್ಧೆ. "ತೊಗೊಂಡು ಬಾ, ಎಲ್ಲಾರೂ ನೋಡ್ಲಿ" ಎಂದವರು ಇವರೇ. ಹಾಲಿನಲ್ಲಿ ಉದ್ದನೆಯ ಮೇಜು, ಬಿಳಿ ಹಾಸು. ಪಕ್ಷಪಾತ ಆಗಬಾರದೆಂದು ಹೆಸರಿಲ್ಲ, ಬರೀ ನಂಬರಿನ ಚೀಟಿ. ನನ್ನದು ಹನ್ನೊಂದು. ನಾನು ಕೇರಳದವರ ಹಾಗೆ ಕಸವಿನ, ಬಂಗಾರದ ಜರಿಯಂಚಿನ, ಸೀರೆ ಉಟ್ಟು ಮಲ್ಲಿಗೆ ಮುಡಿದು ಓಡಾಡುತ್ತಿದ್ದೆ. ಇವರು ಹೊಸ ನೀಲಿ ಅಂಗಿಯಲ್ಲಿ. ಮೇಘಾ ಹೊರಗೆ ಮಕ್ಕಳ ಜೊತೆ ಆಡುತ್ತಿದ್ದಳು. ತೀರ್ಪು ಕೊಡಲು ಬಂದ ದೊಡ್ಡ ಸಾಹೇಬರ ಹೆಂಡತಿ ಕೌದಿಯನ್ನು ಎತ್ತಿ ಕೊಡವಿದರು. ನಡುವಿನಿಂದ ನುಸಿಗಳು ಉದುರಿದವು. ಒಂದೆರಡಲ್ಲ. ಬಿಳಿ ಹಾಸಿನ ಮೇಲೆ ಕಪ್ಪಗೆ, ಸಾಲಾಗಿ, ಪಕ್ಕದ ಹನ್ನೆರಡನೇ ನಂಬರಿನ ಕ್ರೋಶಾ ಹೆಣಿಗೆಯ ಕಡೆಗೆ ಹೊರಟವು.

"ಅಯ್ಯೋ, ಪುಳು!" ಎಂದು, ಹುಳ ಮೈಮೇಲೆ ಬಿದ್ದವರಂತೆ, ಆಕೆ ಕೌದಿಯನ್ನು ನೆಲಕ್ಕೆಸೆದರು. ಇವರ ಕಡೆ ತಿರುಗಿ, ಇದು ಯಾರದು ಎಂದು ಕೇಳಿದರು. ಇವರು ಭುಜ ಕುಣಿಸಿ "ನೋ ಐಡಿಯಾ" ಎಂದರು. ಹಾಲ್ ನೋಡಿಕೊಳ್ಳುತ್ತಿದ್ದ ತಂಗಚ್ಚನ್ ಎಂಬಾತ ಅದನ್ನು ಕೋಲಿನಲ್ಲಿ ಎತ್ತಿಕೊಂಡು ಹೋಗಿ, ಹಿಂದುಗಡೆ ಎಲೆ, ಕಾಗದ ಸುಡುತ್ತಿದ್ದ ಬೆಂಕಿಗೆ ಹಾಕಿದ. ನಾನು ಆಗ ಕೈ ತೊಳೆಯಲು ಹೋಗಿದ್ದೆ. ಬರುವಷ್ಟರಲ್ಲಿ ಅವ್ವನ ಸೀರೆಗಳು ಬೂದಿಯಾಗಿದ್ದವು.

ಇದು ನಾನು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಕತೆ. ತಮ್ಮನಿಗೆ ಹೇಳಿದ್ದೇನೆ, ಬ್ಯಾಂಕಿನ ಗೆಳತಿಯರಿಗೆ ಹೇಳಿದ್ದೇನೆ, ಮೇಘಾಳಿಗಂತೂ ಕಂಠಪಾಠ. ಪ್ರತಿ ಸಲ ಹೇಳುವಾಗಲೂ "ನೋ ಐಡಿಯಾ" ಬಂದಲ್ಲಿ ಇವರ ಹಾಗೇ ಭುಜ ಕುಣಿಸಿ ತೋರಿಸುತ್ತಿದ್ದೆ. ಅವತ್ತು ರಾತ್ರಿ ಇವರು ಸಮಾಧಾನ ಮಾಡಲು ಬಂದು, "ಹಳೀ ಅರಿವಿ ಅಲ್ಲೇನು, ಇನ್ನೊಂದು ಹೊಲಿಯಾಕ ಬರ್ತದ ಬಿಡು" ಎಂದಿದ್ದರು. ಇನ್ನೊಂದು! ಅವ್ವ ಇನ್ನೊಬ್ಬಳು ಸಿಗುತ್ತಾಳೆಯೇ? ಆ ನೀಲಿ ಅಂಗಿಯನ್ನು ಮತ್ತೆ ಅವರ ಮೈಗೆ ಹಾಕಿಕೊಳ್ಳಲು ಬಿಡಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಟ್ರಂಕಿನ ತಳದಲ್ಲಿಟ್ಟೆ, ಸಾಕ್ಷಿಗೆ. ಮಿಕ್ಸಿಗೆ ಅಂಗಿ ಹೊಲಿಯುವುದನ್ನೂ ನಿಲ್ಲಿಸಿದೆ. ಸೂಜಿ ಮುಟ್ಟಲಿಲ್ಲ. ಅದೂ ಇವರ ಮೇಲಿನ ಸಿಟ್ಟಿಗೇ.

ಈಗ ಮೇಘಾ ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ, ಏಳು ತಿಂಗಳ ಬಸುರಿ. ಎರಡು ತಿಂಗಳ ಹಿಂದೆ ಫೋನ್ ಮಾಡಿ, "ಅಮ್ಮೇ, ವಾವಕ್ಕ್ ಒರು ಕೌದಿ ತುನ್ನಿತ್ತರುಮೋ?" ಎಂದಳು, ಮಗುವಿಗೊಂದು ಕೌದಿ ಹೊಲಿದುಕೊಡುತ್ತೀಯಾ ಎಂದು. ಇಲ್ಲ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ನನ್ನ ಹಳೆಯ ಸೀರೆಗಳನ್ನು ಹಾಸಿ ಅಂಚಿನಿಂದ ಶುರುಮಾಡಿದೆ. ಟ್ರಂಕಿನ ನೀಲಿ ಅಂಗಿಯನ್ನೂ ತೆಗೆದು, ಇವರ ಕಣ್ಣೆದುರಿಗೇ ಕತ್ತರಿ ಹಾಕಿದೆ. ಕರಕರ ಸದ್ದಿಗೆ ಮನಸ್ಸು ತಣ್ಣಗಾಗಬೇಕಿತ್ತು, ಆಗಲಿಲ್ಲ. ಇವರು ನೋಡಿ, "ಜೇಬು ಛಲೋ ಅದ, ಹೊಟ್ಟಿಗೆ ಬರ್ತದ" ಎಂದಷ್ಟೇ ಹೇಳಿದರು.

ಇವತ್ತು ಉಪ್ಪಿಟ್ಟು ತಿಂದ ಮೇಲೆ ನೋಡಿದರೆ ಕೌದಿಯಲ್ಲಿ ಹೊಟ್ಟೆಯಷ್ಟೇ ಉಳಿದಿತ್ತು. ನಾನು ಏನೂ ಹೇಳದೆಯೇ ಇವರು ಅಡುಗೆಮನೆಗೆ ಹೋಗಿ ಹಂಚು ಇಟ್ಟು ಒಂದು ಹಿಡಿ ಜೋಳ ಹುರಿಯತೊಡಗಿದರು. ಹುರಿದ ಜೋಳಕ್ಕೆ ನುಸಿ ಹಿಡಿಯುವುದಿಲ್ಲ. ಅಷ್ಟರಲ್ಲಿ ಮೇಘಾಳ ಫೋನು. ಸ್ಪೀಕರಿಗೆ ಹಾಕಿದೆ. ಕೌದಿ ಮುಗಿಯುತ್ತ ಬಂತು ಎಂದು ಹೇಳಿದ್ದಕ್ಕೆ ಅವಳು ನಕ್ಕು, "ಅಪ್ಪನ್ಟೆ ಕೈಯಿಲ್ ಕೊಡುಕ್ಕರುತ್, ಕೇಟ್ಟೋ!" ಎಂದಳು. ಅಪ್ಪನ ಕೈಗೆ ಮಾತ್ರ ಕೊಡಬೇಡ ಎಂದು. ನಾನೇ ಕಲಿಸಿದ ತಮಾಷೆ.

ಅಡುಗೆಮನೆಯಿಂದ ಇವರೂ ನಕ್ಕರು. "ಆತವ್ವಾ, ನಾ ಮುಟ್ಟಂಗಿಲ್ಲ" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಗುವುದಕ್ಕೆ ಏನಿತ್ತು ಅದರಲ್ಲಿ? ಒಂದು ಸಲ, ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ, ಆ ಮನುಷ್ಯ ತಿರುಗಿಬಿದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

"ಮೇಘಾ," ಎಂದೆ, "ಅವತ್ತು ನಾ ಕೈ ತೊಳಿಯಾಕ ಹೋಗಿದ್ದಿಲ್ಲ."

ಹಂಚಿನ ಮೇಲೆ ಜೋಳ ಆಡಿಸುವ ಸದ್ದು ನಿಂತಿತು.

ನಾನು ಮೇಜಿನ ಹತ್ತಿರವೇ ಇದ್ದೆ. ಸಾಹೇಬರ ಹೆಂಡತಿ ಇವರನ್ನು ಕೇಳುವುದಕ್ಕೆ ಮೊದಲು, ತಂಗಚ್ಚನ್ ಕೌದಿಯನ್ನು ಕೋಲಿಗೆ ಸಿಕ್ಕಿಸಿಕೊಂಡು ನನ್ನೆದುರು ನಿಂತು, "ಮೇಡಂ, ಇದು ನಿಙ್ಙಳುಡೇದಾಣೋ?" ಎಂದು ಕೇಳಿದ್ದ. ನಿಮ್ಮದಾ ಎಂದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಬ್ಯಾಂಕ್ ಆಫೀಸರು, ಕಸವಿನ ಸೀರೆ, ಮಲ್ಲಿಗೆ. ಕೌದಿಯ ಮೇಲೆ ಅವ್ವನ ಅಕ್ಕಿಕಾಳಿನಂಥ ಹೊಲಿಗೆ ನನಗೆ ಕಾಣುತ್ತಿತ್ತು. "ಅಲ್ಲ" ಎಂದೆ. ಇವರು ನನ್ನ ಮುಖ ನೋಡಿದರು. ಆಮೇಲೆ ಆಕೆ ಇವರನ್ನು ಕೇಳಿದಾಗ, ಹೆಂಡತಿಯ ಮಾತು ಸುಳ್ಳಾಗಬಾರದೆಂದು, ಭುಜ ಕುಣಿಸಿ ಆ ಎರಡು ಶಬ್ದ ಹೇಳಿದರು. ರಾತ್ರಿ ನಾನು ಕೈ ತೊಳೆಯುವ ಕತೆ ಕಟ್ಟಿ ಇವರ ಮೇಲೆ ಹರಿಹಾಯ್ದೆ. ಇವರು ಕೇಳಿಸಿಕೊಂಡರು. ಅವತ್ತಿನಿಂದ ಕೇಳಿಸಿಕೊಳ್ಳುತ್ತಲೇ ಇದ್ದಾರೆ.

ಇಷ್ಟನ್ನೂ ಫೋನಿಗೆ ಹೇಳಿದೆ. ಮೇಘಾ "ಪಿನ್ನೆ ಅಪ್ಪ ಎಂದಾ ಪರಯಾಞದ್?" ಎಂದು ಕೇಳಿದಳು, ಮತ್ತೆ ಅಪ್ಪ ಯಾಕೆ ಹೇಳಲಿಲ್ಲ ಎಂದು. ನಾನು ಅಡುಗೆಮನೆಯ ಕಡೆ ನೋಡಿದೆ. ಇವರು ಒಲೆ ಆರಿಸುತ್ತಿದ್ದರು. ಸಂಜೆ ಮಾಡುತ್ತೇನೆಂದು ಅವಳು ಫೋನ್ ಇಟ್ಟಳು.

ಇವರು ಜೋಳದ ಬಟ್ಟಲು ಹಿಡಿದು ಬಂದರು. "ಇನ್ನಾ ಬಿಸಿ ಅದ" ಎಂದರು.

"ನೀವಽ ಹಾಕ್ರಿ" ಎಂದೆ.

ಚೂರೂ ಚೆಲ್ಲದಂತೆ ನಿಧಾನವಾಗಿ ಹಾಕಿದರು. ನಾನು ನೀಲಿ ಜೇಬನ್ನು ಮೇಲಿಟ್ಟು ಹೊಲಿಯಲು ಕೂತೆ. ಸೂಜಿಗೆ ದಾರ ಹೋಗಲೊಲ್ಲದು. ಎರಡು ಸಲ, ಮೂರು ಸಲ. ಕಣ್ಣೆಲ್ಲ ಮಂಜು. "ಸಿಟ್ಟಿಗೆ ಹಿಂಗಾಗೇದ" ಎಂದೆ, ಅವರೇನೂ ಕೇಳಿರಲಿಲ್ಲ. ಅವರು ನನ್ನ ಕೈಯಿಂದ ಸೂಜಿ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದು, ದಾರ ಪೋಣಿಸಿ ನನ್ನ ಮುಂದೆ ಚಾಚಿದರು.

"ಇತಾ" ಎಂದರು.