ಮುನೀರಾ ಆಂಟಿ ಮಾಡಿದ ಕರುವಿನ ಕಿವಿ

ಯಾರ ಮನೆಯ ಮದುವೆ ಪತ್ರಿಕೆ ಬಂದರೂ ಮುನೀರಾ ಆಂಟಿ ಗಂಡುಹೆಣ್ಣಿನ ಹೆಸರು ಓದುವ ಮೊದಲು ಕಾಗದದ ಮೂಲೆಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕುತ್ತಿದ್ದರು. "ಕಾಗದ ಚೆನ್ನಾಗೈತೆ. ಹಂಚಿ ಮಿಕ್ಕಿದ್ರೆ ನಂಗೇ ಕೊಡಿ," ಎಂದು ಕರೆಯಲು ಬಂದವರಿಗೇ ಹೇಳಿಬಿಡುತ್ತಿದ್ದರು.

ತುರುವೇಕೆರೆಗೆ ಟೀಚರಾಗಿ ಬಂದಾಗ ನಾನು ಬಾಡಿಗೆಗೆ ಹಿಡಿದದ್ದು ಅವರ ಮನೆಯ ಮುಂದಿನ ಭಾಗ. ಟೈಲರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಆಂಟಿ ಅದೇ ಹೊಲಿಗೆ ಮೇಜಿನ ಮೇಲೆ ಗ್ರೀಟಿಂಗ್ ಕಾರ್ಡ್ ಮಾಡುತ್ತಿದ್ದರು. ಹಾಸನದಲ್ಲಿದ್ದ ಮಗಳು ಶಾಹಿನಾ ಒಂದು ಪುಟ್ಟ ಡೈ ಕಟಿಂಗ್ ಮಿಷನ್ ಕೊಡಿಸಿದ್ದಳು. ಹೂವು, ಎಲೆ, ಚಿಟ್ಟೆಯ ಆಕಾರದ ತೆಳು ಉಕ್ಕಿನ ಅಚ್ಚನ್ನು ಡಿಸೈನ್ ಕಾಗದದ ಮೇಲಿಟ್ಟು, ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಸೇರಿಸಿ ಹಿಡಿ ತಿರುಗಿಸಿದರೆ ಸಾಕು, ಕಟಕಟ ಸದ್ದಾಗಿ ಆಚೆ ಕಡೆ ಹೂವು ಬಿಡಿಸಿಕೊಳ್ಳುತ್ತಿತ್ತು.

ಕಾರ್ಡ್ ಕೇಳಲು ಬಂದವರಿಗೆ ಆಂಟಿಯ ಮೊದಲ ಪ್ರಶ್ನೆ ಒಂದೇ: "ಯಾರಿಗೆ? ಅವ್ರು ಎಂಥೋರು?" ಹೇಳಲು ಬೇಸರಪಟ್ಟವರನ್ನು ಅಂಗಡಿಗೆ ಕಳಿಸುತ್ತಿದ್ದರು.

ಒಂದು ಶನಿವಾರ ಶೆಟ್ಟಿಕೆರೆಯಿಂದ ಕೆಂಪಯ್ಯ ಎಂಬ ತೋಟದ ರೈತರು ಬಂದು ಬಾಗಿಲಲ್ಲೇ ನಿಂತರು.

"ನಮ್ಮನೇವ್ಳಿಗೆ ಒಂದು ಕಾರ್ಡ್ ಬೇಕಿತ್ತು ಬೂಬಮ್ಮ. ಸಕ್ಕರೆ ಕಾಯ್ಲೇಲಿ ಎರಡೂ ಕಣ್ಣು ಹೋದ್ವು. ಕಣ್ಣಿಲ್ದೋಳಿಗೆ ಕಾರ್ಡ್ ಯಾಕೆ ಅಂತ ನಗಬ್ಯಾಡಿ. ಮೊಮ್ಮಕ್ಕಳಿಗೆಲ್ಲ ಬತ್ತವೆ, ನಂಗೆ ಯಾರೂ ಒಂದೂ ಕೊಡ್ಲಿಲ್ಲ ಅಂದ್ಲು."

ಆಂಟಿ ನಗಲಿಲ್ಲ. "ಅವ್ರಿಗೆ ಏನಂದ್ರೆ ಇಷ್ಟ?"

ಕೆಂಪಯ್ಯ ಹೆಗಲ ಮೇಲಿನ ಟವಲ್ಲನ್ನು ನೋಡಿಕೊಂಡರು. "ಗೊತ್ತಿಲ್ಲ ಕಣಮ್ಮ."

"ಹೋಗಿ ಕೇಳ್ಕೊಂಡು ಬನ್ನಿ."

ವಯಸ್ಸಾದವರನ್ನು ಹಾಗೆ ವಾಪಸ್ ಬಸ್ಸು ಹತ್ತಿಸಿದ್ದು ನನಗೆ ಸರಿ ಕಾಣಲಿಲ್ಲ. ಆದರೆ ಸೋಮವಾರ ಸಂಜೆ ಅವರು ನಗುತ್ತಲೇ ಬಂದರು. "ಕರ ಅಂತೆ! ಕರದ ಕಿವಿ ಸವರ್ಕೊಂಡು ಕೂತ್ಕೊಳ್ಳೋದು ಅಂದ್ರೆ ಇಷ್ಟ ಅಂತೆ. ನಲವತ್ತು ವರ್ಷ ಸಂಸಾರ ಮಾಡಿದೀನಿ, ಕೇಳೇ ಇರ್ಲಿಲ್ಲ."

ಕರುವಿನ ಅಚ್ಚು ಆಂಟಿಯ ಬಳಿ ಇರಲಿಲ್ಲ. ಮುಖವನ್ನು ಗಂಡನ ಕತ್ತರಿಯಲ್ಲೇ ಕತ್ತರಿಸಿ, ಪದರದ ಮೇಲೆ ಪದರ ಅಂಟಿಸಿ ಉಬ್ಬಿಸಿದರು. ಕಿವಿ ಮಾತ್ರ ಮನಸ್ಸಿಗೆ ಬರಲಿಲ್ಲ. ಎರಡು ಸಲ ಮಾಡಿ ಹರಿದರು. ನಾನು ತಡೆಯಲಾರದೆ, "ಸಾಕು ಬಿಡಿ ಆಂಟಿ, ಅವರಿಗೇನು ಕಾಣುತ್ತಾ?" ಎಂದೆ.

ಆಂಟಿ ಕೈ ನಿಲ್ಲಿಸಿದರು. "ಕಾಣೋ ಹಂಗಿದ್ರೆ ಸುಳ್ಳು ಹೇಳಬೋದಿತ್ತು ಟೀಚರಮ್ಮ. ಬೆರಳಿಗೆ ಹೇಳಕ್ಕಾಗಲ್ಲ."

ಕೊನೆಗೆ ಅವರು ಹಳೇ ಬಟ್ಟೆ ಚೂರುಗಳಲ್ಲಿ ಮಖಮಲ್ಲು ಹುಡುಕಿ, ಕಾಗದಕ್ಕೆ ಅಂಟಿಸಿ, ಎಲೆಯ ಅಚ್ಚಿನಲ್ಲೇ ಎರಡು ಕಿವಿ ತೆಗೆದರು. ಮುಟ್ಟಿದರೆ ಮಡಚಿಕೊಂಡು ಮತ್ತೆ ಎದ್ದು ನಿಲ್ಲುತ್ತಿದ್ದವು.

ಕಾರ್ಡ್ ಒಯ್ದ ವಾರದ ಮೇಲೆ ಕೆಂಪಯ್ಯ ಹೆಂಡತಿ ಜಯಮ್ಮನನ್ನು ಕೈಹಿಡಿದು ಕರೆತಂದರು. ಆಕೆ ಆಂಟಿಯ ಕೈಯನ್ನು ತಡಕಿ ಹಿಡಿದು, "ಮೂಗು ಒದ್ದೆ ಇಲ್ಲ ಅಷ್ಟೇ, ಮಿಕ್ಕಿದ್ದೆಲ್ಲ ನಮ್ ಕರನೇ ಕಣವ್ವ," ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕಳೆದ ವರ್ಷ ಆಂಟಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲತೊಡಗಿತು. ಶಾಹಿನಾ ಬಂದು ಹಾಸನಕ್ಕೆ ಕರೆದುಕೊಂಡು ಹೋದಳು. ಅವರ ಸಾಮಾನು ಕಟ್ಟುವಾಗ ಮೇಜಿನ ಖಾನೆಗಳನ್ನೆಲ್ಲ ತೆಗೆದೆ. ಮಾಡಿ ಇಟ್ಟಿದ್ದ ಕಾರ್ಡುಗಳಿದ್ದವು. ಅವರಿಗೆಂದು ಬಂದದ್ದು ಒಂದೂ ಇರಲಿಲ್ಲ. ಅವರಿಗೂ ಒಂದು ಕೊಡಬೇಕೆಂದು ಪಕ್ಕದಲ್ಲೇ ಇದ್ದ ನನಗೂ ಹೊಳೆದಿರಲಿಲ್ಲ.

ನಾಲ್ಕು ಸಂಜೆ ಕೂತು, ಕಾಗದ ಕೆಡಿಸಿ ಕೆಡಿಸಿ, ಒಂದು ಕಾರ್ಡ್ ಮಾಡಿದೆ. ಭಾನುವಾರ ಹಾಸನಕ್ಕೆ ಒಯ್ದೆ. ಆಮೇಲೆ ಆಂಟಿ ಎರಡು ತಿಂಗಳೂ ಬದುಕಲಿಲ್ಲ. ಅವರನ್ನು ನೋಡಿದ್ದು ಅದೇ ಕೊನೆ.

ಅವತ್ತು ಕಾರ್ಡನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಅಂಚು... ಸೊಟ್ಟ," ಎಂದರು. ಕಾರ್ಡನ್ನು ನನ್ನ ಕಡೆ ತಿರುಗಿಸಿ, "ಒಳಗೆ? ಓದಮ್ಮ."

ಓದಿದೆ: "ಬೇಗ ಮನೆಗೆ ಬನ್ನಿ ಆಂಟಿ. ಮಿಷನ್ನಿನ ಹಿಡಿ ನಾನು ತಿರುಗಿಸುತ್ತೇನೆ."

"ಇನ್ನೊಂದ್ಸಲ," ಎಂದರು. ಮೂರು ಸಲ ಓದಿಸಿದರು.

ಶಾಹಿನಾ ಟೀ ತಂದು ಪಕ್ಕದಲ್ಲಿಟ್ಟಳು. ಆಂಟಿಗೆ ಆಡುತ್ತಿದ್ದದ್ದು ಒಂದೇ ಕೈ, ಅದರಲ್ಲಿ ಕಾರ್ಡಿತ್ತು. ಟೀ ಆರಿ ಕೆನೆಗಟ್ಟಿತು. ಆಂಟಿ ಕಾರ್ಡನ್ನು ಕೆಳಗಿಡಲಿಲ್ಲ.