ಒಂದೇ ರಾಶಿಯಾದ ನಾಲ್ಕು ಕೊತ್ತಂಬರಿ

ಮೈಸೂರಿನ ಬೀದಿಗಳಲ್ಲಿ ಎಣ್ಣೆಯಿಲ್ಲದೆ ದೀಪ ಉರಿಯುತ್ತದಂತೆ ಎಂದು ಜನ ಬಾಯಿಬಿಟ್ಟು ಮಾತಾಡಿಕೊಳ್ಳುತ್ತಿದ್ದ ಕಾಲ. ಹೆಡತಲೆ ಊರಿನಲ್ಲಿ ಕೊತ್ತಂಬರಿ ಬಿತ್ತನೆ ಬೇಕೆಂದರೆ ಯಾರಾದರೂ ಚನ್ನಬಸಮ್ಮನ ಜಗಲಿ ಹತ್ತಲೇಬೇಕಿತ್ತು. ಆಕೆಯ ಅಟ್ಟದಲ್ಲಿ ನಾಲ್ಕು ಮಡಕೆ, ನಾಲ್ಕು ತಳಿ. ಘಮ್ಮೆನ್ನುವ ಸಣ್ಣಕಾಳು ಸಾರಿನಪುಡಿಗೆ. ನೋಟಕ್ಕೆ ಚೆಂದದ ದಪ್ಪಕಾಳು ಸಂತೆಗೆ. ಬೇಗ ಹೂಬಿಡದೆ ಎಲೆ ತುಂಬಿಕೊಳ್ಳುವುದು ಸೊಪ್ಪಿಗೆ. ತೇವ ಕಮ್ಮಿಯಾದರೂ ಜಗ್ಗದ ಕೆಂಪುಕಡ್ಡಿ ಗುಡ್ಡದ ಹೊಲಕ್ಕೆ. ಕಣ್ಣು ಮುಚ್ಚಿ ಒಂದು ಕಾಳು ಅಗಿದರೆ ಸಾಕು, ಯಾವ ಮಡಕೆಯದ್ದೆಂದು ಹೇಳಿಬಿಡುತ್ತಿದ್ದಳು. "ನನ್ನ ಮರೆತ್ರೂ ಮರೆತಾಳು, ಬೀಜವ ಮರೆಯಕಿಲ್ಲ" ಎಂದು ಗಂಡ ಸಿದ್ದಮಲ್ಲಪ್ಪ ನಗುತ್ತಿದ್ದ.

ಆ ವರ್ಷ ಮನೆಗೆ ಸೊಸೆ ಬಂದಳು. ಮಂಗಳಮ್ಮ ನರಸೀಪುರದ ಹೊಳೆದಂಡೆಯ ಹುಡುಗಿ. ಭತ್ತದ ನಾಟಿಯಲ್ಲಿ ಅವಳ ಕೈ ಬಲು ಚುರುಕು. ಕೊತ್ತಂಬರಿಯನ್ನು ಮಾತ್ರ ಅಡುಗೆಮನೆಯಲ್ಲಷ್ಟೇ ಕಂಡಿದ್ದಳು. ಹಿಂಗಾರಿನ ಬಿತ್ತನೆ ಹತ್ತಿರವಾಗಿತ್ತು. ಕಾಳನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು ಎಂದು ಮಾವ ಹೇಳಿದ್ದು ಅವಳ ಕಿವಿಯಲ್ಲಿತ್ತು. ಅತ್ತೆ ಹುಲ್ಲಹಳ್ಳಿ ಸಂತೆಗೆ ಹೋದ ದಿನ, ಬರುವಷ್ಟರಲ್ಲಿ ಕೆಲಸ ಹಗುರ ಮಾಡೋಣವೆಂದು ನಾಲ್ಕೂ ಮಡಕೆ ಇಳಿಸಿ, ಅಂಗಳದಲ್ಲಿ ಒಂದೇ ರಾಶಿ ಸುರಿದು, ಚೆನ್ನಾಗಿ ಉಜ್ಜಿಟ್ಟಳು.

ಸಂಜೆ ಚನ್ನಬಸಮ್ಮ ಬಂದು ನೋಡಿದವಳು ತಲೆಯ ಮೇಲಿನ ಕುಕ್ಕೆ ಇಳಿಸುವುದನ್ನೇ ಮರೆತು ನಿಂತಳು. ಜರಡಿ ಹಿಡಿದು ದಪ್ಪಕಾಳನ್ನಾದರೂ ಬೇರೆ ಮಾಡೋಣವೆಂದರೆ ಎಲ್ಲವೂ ಹೋಳು. ಊಟವನ್ನೂ ಮಾಡದೆ ಹೋಗಿ ಮಲಗಿಬಿಟ್ಟಳು.

ಬೆಳಿಗ್ಗೆ ಮಂಗಳಮ್ಮ ಕಣ್ಣೊರೆಸಿಕೊಂಡು ಬಂದಳು. "ನಮ್ಮಪ್ಪನ ಮನೆಗೆ ಕಳಿಸ್ಬುಡಿ ಅತ್ತೆಮ್ಮ."

"ನಿನ್ನ ಕಳಿಸ್ಬುಟ್ರೆ ಇದ ಬ್ಯಾರೆ ಮಾಡೋರು ಯಾರು? ಸೀರೆ ಎತ್ತಿಕಟ್ಟು. ನೆಲಕ್ಕೆ ಆಕ್ಬುಡಾನ. ಯಾರ ಮಗ ಅಂತ ಅದೇ ಏಳ್ತದೆ."

ಎಲ್ಲವನ್ನೂ ಒಂದೇ ಹೊಲಕ್ಕೆ ಬಿತ್ತಿದರು. ಮೊಳಕೆಯೊಡೆದ ಮೇಲೆ ಅತ್ತೆಸೊಸೆ ದಿನವೂ ಸಾಲು ಸಾಲು ಸುತ್ತಿದರು. ಕಡ್ಡಿ ಕೆಂಪಾದದ್ದಕ್ಕೆ ಕೆಂಪು ಚಿಂದಿ ಕಟ್ಟಿದರು. ಎಲ್ಲಕ್ಕಿಂತ ತಡವಾಗಿ ಹೂಬಿಟ್ಟದ್ದಕ್ಕೆ ಬಿಳಿಯದು. ಸಣ್ಣದು, ದಪ್ಪದು ಮಾತ್ರ ಕಾಳು ಕಟ್ಟಿದ ಮೇಲೆ ತಾವೇ ಗುರುತು ಕೊಟ್ಟವು. ಸೊಸೆಯ ಕಣ್ಣು ಅತ್ತೆಯದಕ್ಕಿಂತ ಚೂಪಾಗಿತ್ತು. "ಅತ್ತೆಮ್ಮ, ಇದ್ಯಾವುದೂ ಅಲ್ಲ, ನೋಡಿ" ಎಂದು ಒಂದು ದಿನ ಕೂಗಿದಳು.

ಹತ್ತಾರು ಗಿಡಗಳ ಕಡ್ಡಿ ಕೆಂಪು, ಕಾಳು ಸಣ್ಣದು. ಅಗಿದರೆ ಮೂಗಿಗೇ ಹತ್ತುವ ಘಮ. ಚನ್ನಬಸಮ್ಮ ಇನ್ನೊಂದು ಕಾಳು ಅಗಿದಳು, ಮತ್ತೊಂದು ಅಗಿದಳು. ಯಾವ ಮಡಕೆಯದ್ದೆಂದು ಹೇಳಲಾಗದೆ ನಗು ಬಂತು.

"ಇದು ನಿನ್ನ ಕೆಲಸ ಅಲ್ಲ ಕಣವ್ವ, ವಾದ ವರ್ಸ ಜೇನ್ನೊಣ ಮಾಡಿರೋದು. ಆ ಊವಿಂದ ಈ ಊವಿಗೆ ಆರ್ತದಲ್ಲ, ಅದಕ್ಕೆ ಜಾತಿಗೀತಿ ಗೊತ್ತಾ?"

ಸೊಪ್ಪಿನ ತಳಿ ಏಳೇ ಗಿಡ ಸಿಕ್ಕಿತು. ಅದನ್ನು ಮತ್ತೆ ಮಡಕೆ ತುಂಬಿಸಲು ಮೂರು ವರ್ಷ ಬೇಕಾಯಿತು. ಹೊಸದು ಇನ್ನೂ ತುಂಟ. ಮರುವರ್ಷ ಬಿತ್ತಿದರೆ ಕೆಲವು ಹಸಿರುಕಡ್ಡಿ, ಕೆಲವು ಘಮವಿಲ್ಲದ್ದು. ಬೇಡದ್ದನ್ನು ಹೂವಿಗೆ ಮೊದಲೇ ಕಿತ್ತು, ಕಾಳನ್ನು ಅಗಿದು ಅಗಿದು ಆರಿಸಿ ಮಂಗಳಮ್ಮ ಅದನ್ನು ಹದಕ್ಕೆ ತಂದಳು. ಒಂದೊಂದು ತಳಿಯನ್ನು ಒಂದೊಂದು ದಿಕ್ಕಿನ ಹೊಲದಲ್ಲಿ ದೂರ ದೂರ ಬಿತ್ತುವ ರೂಢಿಯೂ ಆಗಲೇ ಶುರುವಾಯಿತು.

ಅಷ್ಟರಲ್ಲಿ ಆ ಕೊತ್ತಂಬರಿ ಬಿಳಿಗೆರೆಯವರೆಗೂ ಹೋಗಿತ್ತು, ಅವಳ ಹೆಸರನ್ನು ಹೊತ್ತುಕೊಂಡೇ. "ಮಂಗಳಿ ಒಂದು ಸೇರು ಕೊಡ್ರವ್ವ" ಎಂದು ಗಂಡಸರು ಜಗಲಿಯಲ್ಲಿ ಕೇಳಿದಾಗಲೆಲ್ಲ ಮಂಗಳಮ್ಮ ನಾಚಿ ಒಳಗೆ ಓಡುತ್ತಿದ್ದಳು. ಚನ್ನಬಸಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು ಅಳೆದು ಕೊಡುತ್ತಿದ್ದಳು.